ಮೊದಲ ವೀಳ್ಯ

ತಿ. ನರಸೀಪುರ
18 ಆಗಸ್ಟ್ 2025, ಸೋಮವಾರ

ಚಿ. ಮಧುಶ್ರೀಗೆ,

ಅಮ್ಮನ ಮನಸ್ಸು ತುಂಬಿದ ಹಾರೈಕೆ. ಇಲ್ಲಿ ಇಬ್ಬರೂ ಗಟ್ಟಿಯಾಗಿದ್ದೇವೆ, ನಿಮ್ಮಪ್ಪನ ಎಡ ಮೊಣಕಾಲು ಒಂದನ್ನು ಬಿಟ್ಟು. ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ನ್ಯಾಯವೇ. ನಿಮ್ಮಪ್ಪ ದಿನಾ ಬೆಳಿಗ್ಗೆ ಕಾಫಿ ಲೋಟದ ಜೊತೆಗೇ "ಬರೆದೆಯಾ?" ಎಂದು ಕೇಳುವುದು, ನಾನು "ಬರೀತೀನಿ ಕಣ್ರೀ, ಪೆನ್ನೇನು ಓಡಿ ಹೋಗುತ್ತಾ" ಎನ್ನುವುದು, ಹೀಗೇ ನಡೆದಿತ್ತು. ಮೂರು ಸಲ ಕೂತೆ. ಮೂರು ಸಲವೂ ನಿನ್ನ ಹೆಸರು ಬರೆದು ಎದ್ದುಬಿಟ್ಟೆ.

ನಿನ್ನ ಫೋನ್ ಪರದೇಶದ ಆ ಕಾಡಿನಲ್ಲಿ ವಾರಕ್ಕೊಂದು ಸಲ ಸಿಗುತ್ತದೆ, ಸಿಕ್ಕಿದಾಗಲೂ ಅರ್ಧ ಮಾತು ಗಾಳಿಪಾಲು. ಅದಕ್ಕೇ ಹಳೆಯ ಪದ್ಧತಿ. ನಾನು ಬರೆಯುವುದು, ನಿಮ್ಮಪ್ಪ ಒಂದೊಂದು ಹಾಳೆಯ ಫೋಟೊ ತೆಗೆದು ಕಳಿಸುವುದು. ಹಾಳೆಯ ಮೂಲೆಯಲ್ಲಿ ಅವರ ಹೆಬ್ಬೆರಳು ಕಂಡರೆ ಅದನ್ನೂ ಆಶೀರ್ವಾದ ಎಂದುಕೋ. ಮೂವತ್ತೆರಡು ವರ್ಷ ಕರೆಂಟ್ ಕಂಬ ಹತ್ತಿದ ಮನುಷ್ಯನಿಗೆ ಮೊಬೈಲು ನೆಟ್ಟಗೆ ಹಿಡಿಯಲು ಬರುವುದಿಲ್ಲ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಅಲ್ಲಿಯ ಶಾಂತಿ ಮಾತುಕತೆಯ ಮೊದಲನೇ ಸಭೆಯಲ್ಲಿ ನಲವತ್ತು ಜನ ಗಂಡಸರ ನಡುವೆ ಇಬ್ಬರೇ ಹೆಂಗಸರಿದ್ದದ್ದು, ಆ ಇಬ್ಬರನ್ನೂ ಟೀ ಕೊಡಲು ಬಂದವರೆಂದು ತಿಳಿದದ್ದು, ಈಗ ಹದಿನಾಲ್ಕು ಜನ ಹೆಂಗಸರು ಕೂತು ಕದನ ನಿಲ್ಲಿಸುವ ಪತ್ರಕ್ಕೆ ರುಜು ಹಾಕಿದ್ದು. ಅದನ್ನು ಓದುತ್ತಾ ನಾನು ಒಬ್ಬಳೇ ಅಡುಗೆಮನೆಯಲ್ಲಿ ನಕ್ಕೆ, ಆಮೇಲೆ ಅತ್ತೆ. ನಿಮ್ಮಪ್ಪ ಬಂದು "ಏನಾಯ್ತೇ?" ಅಂದರು. "ನಿಮ್ಮ ಮಗಳು ಯುದ್ಧ ನಿಲ್ಲಿಸಿದಳು" ಅಂದೆ. "ಪೂರ್ತಿ ನಿಲ್ತಾ, ಇಲ್ಲ ಲೋಡ್ ಶೆಡ್ಡಿಂಗಾ?" ಅಂದರು. ಅವರ ಬುದ್ಧಿ ಎಲ್ಲಿಗೆ ಹೋಗುತ್ತದೆ, ನಿನಗೆ ಗೊತ್ತೇ ಇದೆ.

ಈಗ ನಿನ್ನನ್ನು ಮೂರು ದೇಶಗಳ ಆ ಕೆಲಸಕ್ಕೆ ಮುಖ್ಯಸ್ಥೆ ಮಾಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಿಕೊಂಡರೆ ಇನ್ನು ಐದು ವರ್ಷ ಆ ಕಡೆಯೇ. ಒಪ್ಪದಿದ್ದರೆ ಮೈಸೂರಿನ ಪೊಲೀಸ್ ತರಬೇತಿ ಶಾಲೆಗೆ ವಾಪಸು, ಮನೆಯಿಂದ ಒಂದು ಗಂಟೆ ದಾರಿ. ಈ ತಿಂಗಳ ಮೂವತ್ತೊಂದರೊಳಗೆ ಹೇಳಬೇಕು. ಕೊನೆಯಲ್ಲಿ ನೀನು ಬರೆದ ಸಾಲುಗಳು ನನಗೆ ಬಾಯಿಪಾಠವಾಗಿವೆ: "ನನಗೆ ಎರಡು ಮನಸ್ಸಾಗಿದೆ ಅಮ್ಮ. ನೀನು ಯಾವತ್ತೂ ನನ್ನ ದಾರಿಗೆ ಅಡ್ಡ ನಿಂತವಳಲ್ಲ. ಅದಕ್ಕೇ ನೀನು ಏನು ಹೇಳುತ್ತೀಯೋ ಹಾಗೆ ಮಾಡುತ್ತೇನೆ." ಉತ್ತರಕ್ಕೆ ಬರುತ್ತೇನೆ, ಸ್ವಲ್ಪ ತಾಳು. ಅದಕ್ಕೆ ಮೊದಲು ಇಲ್ಲಿ ನಡೆದದ್ದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ನಿನ್ನ ಕೆಲಸ ಏನೆಂದು ಇಲ್ಲಿಯ ಜನಕ್ಕೆ ತಿಳಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಸವೆಯಿತು. ಶಾಂತಿಯ ಮಾತುಕತೆ ನಡೆಯುವ ಕಡೆ ಹೆಂಗಸರನ್ನೂ ಕರೆದು ಕೂರಿಸುತ್ತಾಳೆ ಎಂದರೆ ಪಕ್ಕದ ಮನೆ ಮಂಗಳಮ್ಮ, "ಅಷ್ಟು ದೂರ ಓಗಿ ಕುರ್ಚಿ ಹಾಕೋ ಕೆಲ್ಸವಾ ನಾಗರತ್ನಮ್ಮ?" ಎಂದಿದ್ದರು. ಈಗ ಆ ಕುರ್ಚಿ ಹಾಕುವ ಕೆಲಸ ನನ್ನ ತಲೆಗೇ ಬಂತು, ಕೇಳು.

ಬಿಳಿಗೆರೆ ಕಡೆ ಮೇಲಿನ ಕೊಪ್ಪಲು, ಕೆಳಗಿನ ಕೊಪ್ಪಲು ಇವೆಯಲ್ಲ, ನಾನು ಹನ್ನೊಂದು ವರ್ಷ ಪಾಠ ಹೇಳಿದ ಊರುಗಳು. ಒಂದೇ ಕಿರುನಾಲೆ, ಎರಡು ಊರು. ಈ ಸಲ ನೀರು ಬಿಟ್ಟ ದಿನದಿಂದ ಸರದಿಗೆ ಜಗಳ. ಮೇಲಿನವರು ತಮ್ಮ ಗದ್ದೆಯ ತೂಬು ಮುಚ್ಚುವುದಿಲ್ಲ, ಕೆಳಗಿನವರು ಬಂದು ನಾಲೆಗೆ ಅಡ್ಡ ಇಟ್ಟ ಕಲ್ಲು ಕಿತ್ತುಹಾಕುವುದು. ಮೂರು ತಲೆ ಒಡೆದವು, ಏಳು ಜನದ ಮೇಲೆ ಕೇಸಾಯಿತು. ಎರಡೂ ಊರಿಗೆ ಕೊಟ್ಟು ತಂದ ಸಂಬಂಧ, ಅಕ್ಕ ಮೇಲೆ ತಂಗಿ ಕೆಳಗೆ, ಮಾತಿಲ್ಲ ಕತೆಯಿಲ್ಲ. ಒಟ್ಲಿನ ಸಸಿಮಡಿಯಲ್ಲಿ ಪೈರು ಬಲಿತು ಹಳದಿ ತಿರುಗುತ್ತಿತ್ತು. ಇನ್ನು ಎಂಟು ದಿನದೊಳಗೆ ನಾಟಿಯಾಗದಿದ್ದರೆ ಈ ವರ್ಷದ ಭತ್ತ ಇಲ್ಲ. ಅಧಿಕಾರಿಗಳು ಎರಡು ಸಲ ಶಾಂತಿ ಸಭೆ ಕರೆದರು. ಎರಡು ಸಲವೂ ಶಾಂತಿ ಮುಗಿಸಿಕೊಂಡು ಹೊರಗೆ ಬಂದು ಹೊಡೆದಾಡಿದರು.

ಒಂದು ದಿನ ಮಂಚಮ್ಮ ನಮ್ಮ ಮನೆಗೆ ಬಂದಳು. ಮೇಲಿನ ಕೊಪ್ಪಲಿನವಳು, ನಾಲೆಯ ಬಾಯಿಗೇ ಅವಳ ಗದ್ದೆ, ಜಗಳದ ಮುಂದಾಳು ಕಾಂತರಾಜು ಅವಳ ಮಗ. ನಂಜನಗೂಡಿನಲ್ಲಿ ಬಸ್ ಬದಲಿಸಿಕೊಂಡು, ಒಂದು ಚೀಲ ಹೀರೇಕಾಯಿ ಹೊತ್ತು ಬಂದಿದ್ದಳು. "ಟೀಚರಮ್ಮ, ನಿಮ್ ಮಗ್ಳು ಇದೇ ಕೆಲ್ಸ ತಾನೇ ಮಾಡೋದು? ಅವ್ಳು ಎಂಗ್ ಮಾಡ್ತಾಳೋ ಅಂಗೆ ನೀವೂ ಮಾಡಿ. ನನ್ ಮಗ ಜೈಲ್ ಸೇರೋದ್ರೊಳಗೆ ಮಾಡಿ" ಅಂದಳು. ಕಾಂತರಾಜು ನನ್ನ ಶಿಷ್ಯನೇ. ಏಳನೇ ಕ್ಲಾಸಿನಲ್ಲಿ ಸೀಮೆಸುಣ್ಣ ಕದಿಯುತ್ತಿದ್ದವನು ಈಗ ನೀರು ಕದಿಯುತ್ತಿದ್ದಾನೆ ಅಂದೆ. ಅವಳು ನಗಲಿಲ್ಲ. ಅವಳ ಭಯ ಆಗ ನನಗೆ ತಿಳಿಯಿತು.

ನಿನ್ನ ಹಳೆಯ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಸಭೆಗೆ ಮೊದಲು ಹೆಂಗಸರು ಇರುವ ಕಡೆಗೇ ಹೋಗಬೇಕು, ಅವರಿಗೆ ಏನು ಗೊತ್ತು ಎಂದು ಕೇಳಬೇಕು ಎಂದು ಬರೆದಿದ್ದೆಯಲ್ಲ, ಹಾಗೇ ಮಾಡಿದೆ. ನಾಲ್ಕು ದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿ ಮುಂದೆ ಹೋಗಿ ನಿಂತೆ. ಯಾವ ತೂಬು ಯಾರು ತೆಗೆದರು, ಯಾರ ಗದ್ದೆಗೆ ಎಷ್ಟು ಹೊತ್ತು ಹರಿಯಿತು, ಎಲ್ಲ ಅವರಿಗೆ ಗೊತ್ತು ಮಗಳೇ. ಎರಡು ಸಭೆಯಲ್ಲೂ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೆಳಗಿನ ಕೊಪ್ಪಲಿನ ಮಾದಮ್ಮನನ್ನು ಅಲ್ಲೇ ನೋಡಿದ್ದು. ನಾಲೆಯ ಕಟ್ಟಕಡೆಗೆ ಅವಳ ಮುಕ್ಕಾಲು ಎಕರೆ. ಅವರ ಕೇರಿಯವರು ನ್ಯಾಯಕ್ಕೆ ಬಂದರೆ ಚಾವಡಿಯ ಕೆಳಗೆ ನಿಂತು ಕೇಳಿ ಹೋಗುವ ರೂಢಿ, ಕೂತದ್ದನ್ನು ನಾನಂತೂ ನೋಡಿಲ್ಲ. ನಾನೂ ಹನ್ನೊಂದು ವರ್ಷ ಅದನ್ನು ನೋಡಿಕೊಂಡು ಪಾಠ ಹೇಳಿ ಬಂದೆ. ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಮೊನ್ನೆ ಬುಧವಾರ ಸಭೆ. ಚಾವಡಿ ಬೇಡವೆಂದು ಡೈರಿ ಅಂಗಳದಲ್ಲಿ ಇಟ್ಟೆ. ಹನ್ನೆರಡು ಗಂಡಸರು, ಹನ್ನೆರಡು ಹೆಂಗಸರು. ಶಾಮಿಯಾನದವನ ಪ್ಲಾಸ್ಟಿಕ್ ಕುರ್ಚಿ. ದುಂಡಗೆ ಕೂರಿಸಿದರೆ ಮೇಲು ಕೀಳು ಇರುವುದಿಲ್ಲ, ಜಗಳ ಅರ್ಧ ಇಳಿಯುತ್ತದೆ ಎಂದು ನೀನು ಬರೆದಿದ್ದೆ ನೋಡು. ನಾನು ಬಲು ಜಾಣೆಯ ಹಾಗೆ ಕುರ್ಚಿಗಳನ್ನೆಲ್ಲ ದುಂಡಗೆ ಹಾಕಿಸಿದೆ. ಮೇಡಂ, ನಿನ್ನ ಪುಸ್ತಕ ನಮ್ಮೂರಿನಲ್ಲಿ ಫೇಲು.

ಏಕೆಂದರೆ ವೀಳ್ಯ. ನಮ್ಮ ಕಡೆ ನ್ಯಾಯಕ್ಕೆ ಕೂತರೆ ಮಾತಿಗೆ ಮೊದಲು ಎಲೆ ಅಡಿಕೆ ತಟ್ಟೆ ಬರಬೇಕು. ಸಾಲಾಗಿ ಕೂತಾಗ ತೊಂದರೆಯಿಲ್ಲ, ಸಾಲಿನ ತಲೆಯಲ್ಲಿರುವ ಯಜಮಾನನಿಗೆ ಮೊದಲ ವೀಳ್ಯ, ಆಮೇಲೆ ಮನೆತನದ ಪ್ರಕಾರ. ದುಂಡಗೆ ಕೂರಿಸಿದರೆ ತಲೆ ಯಾವುದು, ಬಾಲ ಯಾವುದು? ತಟ್ಟೆ ಹಿಡಿದ ಹುಡುಗಿ ನಡುವೆ ನಿಂತು ನನ್ನ ಮುಖ ನೋಡುತ್ತಾಳೆ. ಕಾಂತರಾಜು, "ಮೊದ್ಲಿಂದ ನಮ್ ಮನೆಗೇ ಮೊದ್ಲು, ಇಲ್ಲಿಂದ ಶುರು ಮಾಡವ್ವ" ಅಂದ. ಕೆಳಗಿನ ಕೊಪ್ಪಲಿನ ರಂಗಸ್ವಾಮಿ ಎದ್ದು ನಿಂತು, "ನೀರೂ ನಿಮ್ಗೇ ಮೊದ್ಲು, ಎಲೆನೂ ನಿಮ್ಗೇ ಮೊದ್ಲಾ? ಏಳ್ರೋ, ಓಗವ" ಅಂದ. ಐದು ನಿಮಿಷದಲ್ಲಿ ನೀರಿನ ಜಗಳ ಮರೆತು ಎಲೆಯ ಜಗಳ. ಬಂದೋಬಸ್ತಿಗೆ ನಿಂತಿದ್ದ ಪೊಲೀಸರು ಲಾಠಿ ಸರಿಮಾಡಿಕೊಂಡರು. ಮಗಳ ಹೆಸರು ಹೇಳಿಕೊಂಡು ಬಂದು ಇನ್ನೂ ಮೂರು ತಲೆ ಒಡೆಸಿದೆನಲ್ಲಾ ಎಂದುಕೊಂಡೆ.

ಆಗ ಮಂಚಮ್ಮ ಎದ್ದಳು. ಹುಡುಗಿಯ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ಥೂ, ನಿಮ್ ಯಜಮಾನಿಕೆಗಿಷ್ಟು. ಎಲೆ ಒಣಗ್ತಾ ಅದೆ, ಒಟ್ಲು ಒಣಗ್ತಾ ಅದೆ, ನಿಮ್ ಮೀಸೆ ಮಾತ್ರ ಅಸ್ರಾಗವೆ" ಅಂದಳು.

"ಅವ್ವ, ನೀ ಸುಮ್ಕಿರು" ಅಂದ ಕಾಂತರಾಜು.

"ನೀ ಸುಮ್ಕಿರ್ಲಾ. ಮೊದಲ್ನೇ ವೀಳ್ಯ ಯಾರ್ಗೆ ಅಂತ ನಾ ಏಳ್ತೀನಿ. ನಾಲೆ ಬಾಯ್ಗೆ ಗದ್ದೆ ಇರೋಳು ನಾನು, ನಂಗೆ ಕಡೇದು. ನಾಲೆ ಕಡೇಲಿ ಇರೋಳ್ಗೆ ಮೊದಲ್ನೇದು. ನೀರಂತೂ ಕಡೇಗೇ ಬತ್ತದೆ, ಎಲೆನಾದ್ರೂ ಮೊದ್ಲು ಬರ್ಲಿ."

ಹೇಳಿ ನೇರ ಹೋಗಿ ಮಾದಮ್ಮನ ಮುಂದೆ ತಟ್ಟೆ ಹಿಡಿದಳು. ಮಾದಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ ಕಣವ್ವ, ನಮ್ಗ್ಯಾಕೆ. ಕಡೇಲೇ ಕೊಡಿ" ಅಂದಳು. ಮಂಚಮ್ಮ ತಟ್ಟೆ ಇಳಿಸಲಿಲ್ಲ. "ತಗೋ ಮಾದಮ್ಮ. ನಲ್ವತ್ತು ವರ್ಸ ನಿನ್ ಗದ್ದೆಗೆ ನಾವು ಬುಟ್ಟು ಮಿಕ್ಕುದ್ ನೀರೇ ಬಂದಿರೋದು. ಇವತ್ತು ಮಿಕ್ಕುದ್ದು ಬ್ಯಾಡ." ಮಾದಮ್ಮ ನನ್ನನ್ನು ನೋಡಿದಳು, ರಂಗಸ್ವಾಮಿಯನ್ನು ನೋಡಿದಳು. ಆಮೇಲೆ ಕೈ ಹೊರಗೆ ತೆಗೆದು ಎರಡು ಎಲೆ, ಒಂದು ಅಡಿಕೆ ತೆಗೆದುಕೊಂಡಳು. ನನಗೆ ಕಣ್ಣು ತುಂಬಿ ಎದುರಿನ ಕುರ್ಚಿಗಳೇ ಕಾಣಲಿಲ್ಲ.

ಒಬ್ಬಿಬ್ಬರು ಗಂಡಸರು ಗೊಣಗಿದರು. ಒಬ್ಬ ಎದ್ದೇ ಹೋದ, ಸುಳ್ಳು ಹೇಳುವುದಿಲ್ಲ. ಆದರೆ ಮಿಕ್ಕವರು ಕೂತರು. ವೀಳ್ಯ ಮೊದಲು ತೆಗೆದುಕೊಂಡವರು ಮೊದಲು ಮಾತಾಡಬೇಕು, ಅದೂ ರೂಢಿಯೇ ತಾನೇ. ಮಾದಮ್ಮ ಬಾಯಿ ಬಿಟ್ಟಳು ನೋಡು. "ಮೇಲಿಂದ ಸರದಿ ಸುರು ಮಾಡುದ್ರೆ ನೀರು ದಾರೀಲೇ ಕದ್ದೋಯ್ತದೆ ಸಾ. ಕಡೆಯಿಂದ ಸುರು ಮಾಡಿ. ಕಡೆ ಗದ್ದೆ ತುಂಬ್ಸಿ ಮೇಲಕ್ ಬನ್ನಿ. ಎಲ್ಲಾರೂ ಅವರವರ ಸರದಿ ಬರ್ಲಿ ಅಂತ ಕಾಯ್ತಾ ಇರ್ತರೆ, ಕಡೇದು ಬೇಗ ತುಂಬ್ಲಿ ಅಂತ ಅವ್ರೇ ತೂಬು ಕಾಯ್ತರೆ." ಎರಡು ಸಭೆ ಮಾಡಿದ ಅಧಿಕಾರಿಗಳಿಗೆ ಹೊಳೆಯದ ಲೆಕ್ಕ. ರಂಗಸ್ವಾಮಿ ತಲೆಯಾಡಿಸಿದ. ಕಾಂತರಾಜು ತಲೆ ಕೆರೆದುಕೊಂಡು, "ಅವ್ವ ಕಡೇ ಸರದಿ ಅಂದ್ರೆ ನಾನೇನ್ ಮಾಡ್ಲಿ ಟೀಚರ್, ಮನೇಲಿ ಊಟ ಆಗ್ಬೇಕಲ್ಲ" ಅಂದ. ಅಂಗಳಕ್ಕೆ ಅಂಗಳವೇ ನಕ್ಕಿತು.

ತೂಬು ಕಾಯಲು ಹೆಂಗಸರ ಜೋಡಿ ಮಾಡಿದ್ದೇವೆ. ಒಬ್ಬಳು ಮೇಲಿನವಳು, ಒಬ್ಬಳು ಕೆಳಗಿನವಳು, ಜೊತೆಯಲ್ಲೇ ನಾಲೆ ಏರಿಯ ಮೇಲೆ ಓಡಾಡುವುದು. ಮಾತು ಬಿಟ್ಟಿದ್ದ ಅಕ್ಕತಂಗಿಯರನ್ನು ಹುಡುಕಿ ಹುಡುಕಿ ಜೋಡಿ ಮಾಡಿದಳು ಮಂಚಮ್ಮ. ನೀವು ಕದನ ವಿರಾಮದ ಉಸ್ತುವಾರಿ ಎಂದು ಏನೇನೋ ದೊಡ್ಡ ಹೆಸರಿಡುತ್ತೀರಲ್ಲ, ಇಲ್ಲಿ ಅದಕ್ಕೆ ನಾಲೆ ಸುತ್ತುವುದು ಎನ್ನುತ್ತಾರೆ. ನಿನ್ನೆ ಭಾನುವಾರ ಹೋಗಿ ನೋಡಿಬಂದೆ. ಮಾದಮ್ಮನ ಗದ್ದೆಯಲ್ಲಿ ನಾಟಿ ಮುಗಿದಿತ್ತು. ಕೂಲಿಯಿಲ್ಲದ ಮುಯ್ಯಾಳಿಗೆ ಮೇಲಿನ ಕೊಪ್ಪಲಿನಿಂದ ನಾಲ್ವರು ಬಂದಿದ್ದರು. ಒಬ್ಬಳು ಕೆಸರಿನಲ್ಲಿ ನಿಂತೇ ಕೂಗಿದಳು, "ಟೀಚರಮ್ಮ, ನಿಮ್ ಮಗ್ಳಿಗ್ ಏಳಿ, ನಮ್ಮೂರ್ಗೂ ಒಂದ್ಸಲ ಬಂದು ಕಲ್ತ್ಕೊಂಡ್ ಓಗ್ಲಿ." ಹೇಳಿದ್ದೇನೆ. ಬಾ, ಕಲಿತುಕೊಂಡು ಹೋಗು.

ನಿಮ್ಮಪ್ಪ ಈಗ ಬೀದಿಯವರಿಗೆಲ್ಲ "ನಮ್ಮ ಮನೆಯಲ್ಲಿ ಇಬ್ಬರು ಶಾಂತಿದೂತರು, ಅಡುಗೆ ಮಾತ್ರ ನಾನು" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಅಡುಗೆ ಮಾಡಿದ್ದು ಒಂದೇ ದಿನ, ಉಪ್ಪಿಟ್ಟು. ಅದೂ ಗಂಟು.

ಇನ್ನು ನಿನ್ನ ಪ್ರಶ್ನೆ. ಹತ್ತು ವರ್ಷದ ಹಿಂದೆಯಾದರೆ ಮೈಸೂರಿಗೆ ಬಾ ಎನ್ನುತ್ತಿದ್ದೆನೋ ಏನೋ. ಆ ಅಂಗಳದಲ್ಲಿ ಮಾದಮ್ಮ ಕೈ ಹೊರಗೆ ತೆಗೆದದ್ದನ್ನು ನೋಡಿದ ಮೇಲೆ, ನೀನು ಹದಿನಾಲ್ಕು ವರ್ಷದಿಂದ ಮನೆ ಮಠ ಬಿಟ್ಟು ಮಾಡುತ್ತಿರುವುದು ಏನೆಂದು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಹೆಮ್ಮೆ ಇತ್ತು, ಅರ್ಥವಾಗಿರಲಿಲ್ಲ. ನನ್ನ ಮನಸ್ಸು ಒಪ್ಪಿಕೋ ಎನ್ನುತ್ತದೆ. ಆದರೆ ಅಮ್ಮ ಹೇಳಿದಳು ಎಂದು ಒಪ್ಪಿಕೊಳ್ಳಬೇಡ. ನಮ್ಮ ಯೋಚನೆಯಂತೂ ಬೇಡವೇ ಬೇಡ, ನಾವು ಇಬ್ಬರಿದ್ದೇವೆ, ಜಗಳಕ್ಕೆ ಜನ ಸಾಕು.

ಹೊತ್ತಿಗೆ ಸರಿಯಾಗಿ ಉಣ್ಣು. ಆ ಡಬ್ಬಿ ಊಟವನ್ನೇ ತಿಂದುಕೊಂಡು ಇರಬೇಡ. ಚಟ್ನಿಪುಡಿ ಮಾಡಿ ಇಟ್ಟಿದ್ದೇನೆ, ದೆಹಲಿಯಿಂದ ಯಾರು ಹೊರಡುತ್ತಾರೆಂದು ತಿಳಿಸು. ನೀನು ಕೂತ ಕಡೆ ಜಗಳ ತಣ್ಣಗಾಗಲಿ, ನೀನು ಕೂರಿಸಿದ ಹೆಂಗಸರ ಮಾತು ನಡೆಯಲಿ, ನಿನ್ನ ಮೈಗೆ ಒಂದು ಮುಳ್ಳೂ ತಾಕದಿರಲಿ.

ನಿನ್ನ ಅಮ್ಮ
ನಾಗರತ್ನ

ಮ.ವಿ: ಈ ಹಾಳೆಯನ್ನು ನಿಮ್ಮಪ್ಪನಿಗೆ ಕೊಡುವುದಿಲ್ಲ, ನಾನೇ ಫೋಟೊ ತೆಗೆದು ಕಳಿಸುತ್ತೇನೆ. ಅವರಿಗೆ ಇದು ಗೊತ್ತಿಲ್ಲ.

ಮೇಲೆ ಸಭೆಯ ಕತೆ ಬರೆಯುವಾಗ ಒಬ್ಬರ ಹೆಸರು ಬಿಟ್ಟೆ. ಬಂದೋಬಸ್ತಿಗೆ ಬಂದಿದ್ದ ಸರ್ಕಲ್ ಇನ್ಸ್‌ಪೆಕ್ಟರ್ ರುದ್ರೇಶ್. ಹೌದು, ನಿನ್ನ ಜೊತೆ ಸಬ್ ಇನ್ಸ್‌ಪೆಕ್ಟರ್ ಆಗಿದ್ದ ರುದ್ರೇಶ್. 2009ರಲ್ಲಿ ಅವನ ಮನೆಯವರು ನಿನ್ನನ್ನು ಕೇಳಲು ಬರುವುದಿತ್ತು. ಅಷ್ಟರಲ್ಲಿ ವಿದೇಶದ ಶಾಂತಿ ಕೆಲಸಕ್ಕೆ ಹೆಂಗಸರ ಪಟ್ಟಿ ಬಂತು, ನಿನ್ನ ಹೆಸರಿತ್ತು, ಶನಿವಾರ ಹತ್ತು ಗಂಟೆಗೆ ಮೈಸೂರಿನಲ್ಲಿ ಹಾಜರಾಗಬೇಕಿತ್ತು. ರಜೆಯಲ್ಲಿದ್ದ ನಿನಗೆ ತಿಳಿಸುವ ಕೆಲಸ ಅವನದು. ನಿನಗೆ ಸುದ್ದಿ ಬರಲಿಲ್ಲ, ಪಟ್ಟಿಯಿಂದ ಹೆಸರು ಹೋಯಿತು. ಅವನು "ಮನೆಗೆ ಫೋನ್ ಮಾಡಿ ಹೇಳಿದ್ದೆ" ಅಂದ. ನೀನು ನನ್ನನ್ನು ಕೇಳಿದೆ. ಯಾವ ಫೋನೂ ಬಂದಿಲ್ಲ ಅಂದೆ ನಾನು. "ನನ್ನನ್ನು ಇಲ್ಲೇ ಕಟ್ಟಿಹಾಕಲು ಸುಳ್ಳು ಹೇಳುವ ಗಂಡಸು ಬೇಡ" ಎಂದು ನೀನು ಅವನ ಮನೆಯವರನ್ನು ಬರಬೇಡಿ ಅಂದೆ. ಎರಡು ವರ್ಷ ನಗುವುದನ್ನೇ ಬಿಟ್ಟೆ. ಆಮೇಲೆ ಇನ್ನೊಂದು ಪಟ್ಟಿ ಬಂತು, ಹೊರಟುಹೋದೆ.

ಬುಧವಾರ ಅವನೇ ಜೀಪಿನಲ್ಲಿ ನನ್ನನ್ನು ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಬಿಟ್ಟ. ಮದುವೆಯಾಗಿದೆ, ಮಗಳು ಏಳನೇ ಕ್ಲಾಸು ಓದುತ್ತಿದ್ದಾಳಂತೆ. "ಮಧುಶ್ರೀ ಇದನ್ನ ನೋಡಿದ್ರೆ ಖುಷಿ ಪಡ್ತಿದ್ರು ಅಮ್ಮ" ಅಂದ. ಇಳಿಯುವಾಗ ಮೆಲ್ಲಗೆ ಹೇಳಿದ, "ಅವತ್ತು ನಾನು ಫೋನ್ ಮಾಡಿದ್ದೆ ಅಂತ ಅವರಿಗೆ ಒಂದ್ಸಲ ಹೇಳಿಬಿಡಿ ಅಮ್ಮ. ಬೇರೇನೂ ಬೇಡ." ಯಾರು ಎತ್ತಿದರು ಎಂದು ಅವನು ಆ ಹೊತ್ತೂ ಹೇಳಲಿಲ್ಲ. ಹದಿನಾರು ವರ್ಷದಲ್ಲಿ ನಿನಗೂ ಹೇಳಲಿಲ್ಲ. ನಾನು ಬಸ್ಸು ಬಂತು ಎಂದು ಇಳಿದುಬಿಟ್ಟೆ. ಬಸ್ಸು ಬಂದಿರಲಿಲ್ಲ.

ಅವನು ಫೋನ್ ಮಾಡಿದ್ದ, ಮಧು. ಎತ್ತಿದ್ದು ನಾನು. "ಹೇಳ್ತೀನಪ್ಪ" ಅಂದೆ. ಹಿಂದಿನ ದಿನ ಟಿವಿಯಲ್ಲಿ, ನಿನ್ನನ್ನು ಕಳಿಸಲಿದ್ದ ಆ ದೇಶದ ಬೀದಿ ಹೊತ್ತಿ ಉರಿಯುವುದನ್ನು ನೋಡಿದ್ದೆ. ನೀನು ಸೋಮನಾಥಪುರದ ಅತ್ತೆಯ ಮನೆಯಿಂದ ವಾಪಸು ಬಂದಾಗ ಚಪಾತಿ ಬಡಿಸಿದೆ, ಹೇಳಲಿಲ್ಲ. ನಿನ್ನನ್ನು ಕಟ್ಟಿಹಾಕಿದವಳು ನಾನು.

ಮೂವತ್ತೊಂದರೊಳಗೆ ಏನು ಹೇಳಬೇಕೋ ನೀನೇ ತೀರ್ಮಾನಿಸು. ನನ್ನನ್ನು ಕೇಳಬೇಡ.